ಸಾಲಿನ ಕೊನೆಗೆ ಏಳುತ್ತಿದ್ದ ಎಡಗೈ

ನಮ್ಮ ಟೈಪಿಂಗ್ ಅಕ್ಕೋರು ಒಂದು ವಾಕ್ಯ ಆಡಿ ಮುಗಿಸಿದರೆಂದರೆ ಅವರ ಎಡಗೈ ತಾನಾಗಿಯೇ ಏಳುತ್ತಿತ್ತು. ಎದ್ದು, ಗದ್ದದ ಮಟ್ಟಕ್ಕೆ ಬಂದು, ಗಾಳಿಯಲ್ಲಿ ಏನನ್ನೋ ಎಡದಿಂದ ಬಲಕ್ಕೆ ನೂಕಿ, ಏನೂ ಆಗಿಲ್ಲವೆಂಬಂತೆ ಮತ್ತೆ ಮಡಿಲಿಗೆ ಇಳಿಯುತ್ತಿತ್ತು. ಟೈಪ್‌ರೈಟರ್ ಕಂಡವರಿಗೆ ಇದು ತಕ್ಷಣ ಹೊಳೆಯುತ್ತದೆ. ಆ ಯಂತ್ರದಲ್ಲಿ ಸಾಲು ಮುಗಿಯುತ್ತ ಬಂದಾಗ ‘ಟಿಂಗ್’ ಎಂದು ಗಂಟೆ ಬಾರಿಸುತ್ತದೆ. ಆಗ ಎಡಗೈಯಿಂದ ಮೇಲಿನ ಹಿಡಿಕೆಯನ್ನು ಬಲಕ್ಕೆ ನೂಕಿದರೆ ಕಾಗದ ಒಂದು ಸಾಲು ಮೇಲೇರಿ, ಹೊಸ ಸಾಲು ಶುರುವಾಗುತ್ತದೆ. ವರ್ಷಾನುಗಟ್ಟಲೆ ಅದನ್ನೇ ಕಲಿಸಿದ ಆ ಕೈಗೆ ಯಂತ್ರ ಎದುರಿಗಿದೆಯೋ ಇಲ್ಲವೋ ಎಂಬುದು ಮುಖ್ಯವಾಗಿರಲಿಲ್ಲ. ಬಸ್ಸಿನಲ್ಲಿ ಅವರ ಪಕ್ಕ ಕೂತವರಿಗೆ ಮೊಣಕೈ ತಗಲುತ್ತಿತ್ತು. ಮದುವೆಯ ಪಂಕ್ತಿಯಲ್ಲಿ ಬಡಿಸುವವರು ಸಾರಿನ ಬಕೆಟ್ಟು ಹಿಡಿದು ಅವರಿಂದ ಒಂದು ಮಾರು ದೂರ ನಿಲ್ಲುತ್ತಿದ್ದರು.

ನಮಗೆ, ಅಂದರೆ ಅವರ ಕೈಯಲ್ಲಿ ಕಲಿತವರಿಗೆ, ಇದರಿಂದ ಒಂದು ಅನುಕೂಲವಿತ್ತು. ಕೈ ಎದ್ದರೆ ಮಾತು ಮುಗಿಯಿತು, ಇನ್ನು ನಾವು ಮಾತಾಡಬಹುದು. ಏಳಲಿಲ್ಲವೆಂದರೆ ಇನ್ನೂ ಬೈಗುಳ ಬಾಕಿ ಇದೆ ಎಂದರ್ಥ.

ನಾನು ದಿಗ್ಗೇವಾಡಿಯಿಂದ ಮುಂಜಾನೆಯ ಬಸ್ಸಿಗೆ ಹಾರೂಗೇರಿಗೆ ಬರುತ್ತಿದ್ದೆ. ಪಿಯುಸಿಯಲ್ಲಿ ಒಮ್ಮೆ ಡುಮ್ಕಿ ಹೊಡೆದು, ಜೀವನವೇ ಮುಗಿಯಿತೆಂದು ನಂಬಿಕೊಂಡಿದ್ದ ವಯಸ್ಸು ಅದು. ಆ ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ. ಅಕ್ಕೋರ ಕ್ಲಾಸು ಬಸ್ ನಿಲ್ದಾಣದ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಒಂದೇ ಕೋಣೆ. ಹನ್ನೊಂದು ಯಂತ್ರಗಳು. ಕೆಳಗಿನಿಂದ ಯೂರಿಯಾದ ವಾಸನೆ, ಮೇಲೆ ಯಂತ್ರದ ಎಣ್ಣೆಯ ವಾಸನೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುವಾಗ ಕಿಟಕಿಯ ಗಾಜು ನಡುಗುತ್ತಿತ್ತು. ಅಕ್ಕೋರು ಆಗ ಮೇಜಿನ ಮೇಲೆ ಬೆರಳು ಬಡಿದು, ಆ ಹಾಡಿನ ತಾಳಕ್ಕೇ ನಮ್ಮಿಂದ ಟೈಪು ಮಾಡಿಸುತ್ತಿದ್ದರು. ಒಂದಿಡೀ ತಲೆಮಾರು ಹಾರೂಗೇರಿಯಲ್ಲಿ ಟ್ರ್ಯಾಕ್ಟರಿನ ಹಾಡಿಗೆ ಟೈಪಿಂಗ್ ಕಲಿತಿದೆ.

ಪ್ರತಿ ಯಂತ್ರಕ್ಕೂ ಒಂದು ಅರಿವಿ ಇತ್ತು. ಅಕ್ಕೋರು ತಮ್ಮ ಹಳೆಯ ಸೀರೆ ಹರಿದು ಹೊಲಿದು, ಎರಡು ಲಾಡಿ ಹಚ್ಚಿ ಯಂತ್ರದ ಮುಂದಕ್ಕೆ ಕಟ್ಟಿದ ತುಂಡು ಬಟ್ಟೆ. ಅದು ಅಕ್ಷರದ ಗುಂಡಿಗಳನ್ನು ಮುಚ್ಚುತ್ತಿತ್ತು. ನಾವು ಅದರ ಕೆಳಗೆ ಕೈ ತೂರಿಸಿ, ನೋಡದೆ ಒತ್ತಬೇಕು. ಬೇರೆ ಊರಿನ ಕ್ಲಾಸೊಂದರಲ್ಲಿ ಗುಂಡಿಗಳ ಮೇಲೆ ತಗಡಿನ ಮುಚ್ಚಳ ಕೂರಿಸಿ ಮೊಳೆ ಹೊಡೆದಿದ್ದಾರೆಂದು ಯಾರೋ ಬಂದು ಹೇಳಿದರು. ಅಕ್ಕೋರು ನಕ್ಕರು.

“ತಗಡ ಹೊಡದ್ರ ಮಂದಿ ತಗಡ ಹೆಂಗ ಕೀಳೂದು ಅಂತ ಕಲೀತಾರ. ನಾ ಅರಿವಿ ಹೊಚ್ಚೀನಿ. ಎತ್ತಿದ್ರ ಯಾರೂ ನಿಮ್ಮ ಕೈ ಹಿಡಿಯಾಂಗಿಲ್ಲ. ಎತ್ತಬ್ಯಾಡ್ರಿ ಅಂತ ಹೇಳೀನಿ, ಅಷ್ಟ.”

ಕೈ ಎದ್ದಿತು, ಗಾಳಿಯನ್ನು ನೂಕಿತು. ಮಾತು ಮುಗಿಯಿತು.

ಮೊದಲ ತಿಂಗಳಲ್ಲೇ ನನ್ನದೊಂದು ಫಜೀತಿಯಾಯಿತು. ಬೆರಳುಗಳು ಎ ಎಸ್ ಡಿ ಎಫ್ ಮೇಲೆ ಕೂರಬೇಕು; ನನ್ನ ಎಡಗೈ ಅರಿವಿಯ ಕೆಳಗೆ ಒಂದು ಗುಂಡಿ ಬಲಕ್ಕೆ ಸರಿದು ಕೂತಿತ್ತು. ಬಲಗೈಯೂ ಅದರ ಬೆನ್ನು ಹತ್ತಿತ್ತು. ನನಗೆ ಗೊತ್ತಾಗಲಿಲ್ಲ. ಒಂದು ಪುಟ ಪೂರ್ತಿ ಅರ್ಜಿ ಟೈಪು ಮಾಡಿ ಕಾಗದ ತೆಗೆದು ನೋಡುತ್ತೇನೆ, ಒಂದಕ್ಷರಕ್ಕೆ ಇನ್ನೊಂದಕ್ಷರದ ಸಂಬಂಧವಿಲ್ಲ. ಕಣ್ಣಲ್ಲಿ ನೀರು ಬಂತು. ಅಕ್ಕೋರು ಆ ಕಾಗದ ಇಸಿದುಕೊಂಡು, ಕನ್ನಡಕ ಏರಿಸಿ, ಆ ಗೊಜ್ಜನ್ನು ನೆಟ್ಟಗಿನ ಅರ್ಜಿಯಂತೆ ಗಡಗಡ ಓದಿಬಿಟ್ಟರು. ಕೊನೆಯ ‘ತಮ್ಮ ವಿಧೇಯ’ದವರೆಗೆ.

“ಬೆರಳೆಲ್ಲ ಸರಿ ಅದಾವ ತಮ್ಮಾ,” ಅಂದರು. “ಕೈ ಒಂದ ಮನಿ ಆಚೆ ಕುಂತೈತಿ.”

ಬೇರೆ ಯಾರಾದರೂ ಆಗಿದ್ದರೆ ಈ ಮಾತಿನಿಂದ ಧೈರ್ಯ ತಂದುಕೊಳ್ಳುತ್ತಿದ್ದರು. ನಾನು ಹೆದರಿದೆ. ಮತ್ತೆ ಮನೆ ತಪ್ಪಿದರೆ? ಮರುದಿನದಿಂದ ಅವರು ಕಿಟಕಿಯ ಕಡೆ ಮುಖ ಮಾಡಿದಾಗೆಲ್ಲ ಅರಿವಿಯ ತುದಿ ಎತ್ತಿ ಒಂದು ಇಣುಕು ಹಾಕಿ ಬಿಡುತ್ತಿದ್ದೆ. ಅವರಿಗೆ ಗೊತ್ತಾಗಲಿಲ್ಲ ಎಂದುಕೊಂಡೆ. ಪರೀಕ್ಷೆ ಪಾಸಾದೆ, ತಾಲೂಕಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ನನ್ನ ಮನೆಯಲ್ಲಿ ಒಲೆಯ ಮೇಲೆ ಏನು ಬೆಂದಿದ್ದರೂ ಅದು ಅವರು ಕಲಿಸಿದ ಹತ್ತು ಬೆರಳಿನಿಂದ ಬಂದದ್ದು. ಅದರಲ್ಲಿ ಇಣುಕಿ ನೋಡಿ ಕಲಿತದ್ದೆಷ್ಟು ಎಂಬ ಅನುಮಾನ ಮಾತ್ರ ನನ್ನ ಹೊಟ್ಟೆಯಲ್ಲೇ ಉಳಿಯಿತು.

ಕಾಲಾಂತರದಲ್ಲಿ ಯಂತ್ರಗಳು ಒಂದೊಂದಾಗಿ ಹೋದವು. ಎರಡು ಕಂಪ್ಯೂಟರ್ ಬಂದವು. ಆಮೇಲೆ ಕಲಿಯುವವರೂ ಬರುವುದು ನಿಂತಾಗ ಅಕ್ಕೋರು ಕ್ಲಾಸು ಮುಚ್ಚಿ, ಒಂದು ಕಂಪ್ಯೂಟರನ್ನೂ ಒಂದು ಅರಿವಿಯನ್ನೂ ಹಿಂದಿನ ಓಣಿಯ ತಮ್ಮ ಮನೆಗೆ ತಂದಿಟ್ಟುಕೊಂಡರು. ಮದುವೆಯಾಗಿರಲಿಲ್ಲ. ಕಾಗವಾಡದ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟಿದ್ದ ಅವರ ತಂಗಿ, ಗಂಡ ತೀರಿಕೊಂಡ ಮೇಲೆ, ಬಂದು ಜೊತೆಗಿದ್ದರು. ಅವರನ್ನು ನಾನು ಮರಾಠಿಯವರಂತೆ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಕನ್ನಡದಲ್ಲಿ ಶುರುವಾದ ಅವರ ಸಿಟ್ಟು ಮರಾಠಿಯಲ್ಲಿ ಮುಗಿಯುತ್ತಿತ್ತು. ಭಾನುವಾರ ಮಧ್ಯಾಹ್ನ ನಾನು ಹೋದರೆ ಒಂದು ಬಟ್ಟಲು ಒಣದ್ರಾಕ್ಷಿ, ಚಹ, ಮತ್ತು ಅಕ್ಕೋರ ಪ್ರಶ್ನೆಗಳು ಇರುತ್ತಿದ್ದವು.

ಪ್ರಶ್ನೆ ಕೇಳುವುದು ಅವರ ಚಟ. ಕಬ್ಬಿನ ತೂಕದ ಯಂತ್ರಕ್ಕೆ ಟ್ರ್ಯಾಕ್ಟರಿನ ತೂಕ ಬೇರೆ ಮಾಡುವುದು ಹೇಗೆ ಗೊತ್ತು, ಎಟಿಎಮ್ಮಿನೊಳಗೆ ನೋಟು ಮಡಚಿಕೊಂಡರೆ ಏನಾಗುತ್ತದೆ, ಹೀಗೆ. ನನಗೆ ಒಂದೂ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲವಲ್ಲ ಎಂಬ ಚಿಂತೆಯಲ್ಲಿ ವಾರ ಕಳೆಯುತ್ತಿದ್ದೆ. ಒಂದು ಭಾನುವಾರ ಕೇಳಿದರು:

“ತಮ್ಮಾ, ಮಿರಜದಾಗ ಒಂದ ಡಬ್ಬಿ ಇತ್ತು. ಅದು ಈಗ ಎಲ್ಲಿ ಸಿಗತೈತಿ?”

“ಎಂಥಾ ಡಬ್ಬಿ ರೀ ಅಕ್ಕೋರ?”

“ನಿಂತಕೊಂಡು ಆಡೂದು. ಕಪಾಟಿನಷ್ಟ ಎತ್ತರ. ಮ್ಯಾಲಿಂದ ಹುಳಾ ಸಾಲಾಗಿ ಇಳೀತಾವ, ಕೆಳಗ ಒಂದ ಹಡಗ, ಅದು ಗುಂಡ ಹೊಡೀತೈತಿ.”

ತಾಯಿಯ ಚಿಕಿತ್ಸೆಗೆಂದು ಮಿರಜಿನಲ್ಲಿ ವಾರಗಟ್ಟಲೆ ಉಳಿದಿದ್ದಾಗ ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಅದನ್ನು ಕಂಡಿದ್ದರಂತೆ. ಆಗ ಅವರಿಗೆ ಮೂವತ್ತರ ಒಳಗಿನ ವಯಸ್ಸು. ಗಂಡಸರೇ ತುಂಬಿದ ಅಂಗಡಿ. ಒಳಗೆ ಹೋಗಲಿಲ್ಲ. ಔಷಧ ತರಲು ಹೋಗುವಾಗೊಮ್ಮೆ ಬರುವಾಗೊಮ್ಮೆ ಬಾಗಿಲಲ್ಲಿ ನಿಂತು ನೋಡಿದ್ದರು.

“ಅವರ ಬೆರಳು ತಪ್ಪ ಕುಂತಿದ್ವು,” ಅಂದರು. “ಒಂದ ಬೆರಳಿನ್ಯಾಗ ಎಲ್ಲಾ ಕುಟ್ಟತಿದ್ರು. ನನಗ ತಡ್ಕೊಳ್ಳಾಕ ಆಗಲಿಲ್ಲ. ಒಳಗ ಹೋಗಿ ಕೈ ಹಿಡದ ಕೂಡ್ರಸೂಣ ಅನಿಸ್ತು.”

“ಹೋಗಬೇಕಿತ್ತ್ರಿ.”

“ಹೋಗಬೇಕಿತ್ತು.” ಕೈ ಏಳಲಿಲ್ಲ. ನಾನು ಕಾದೆ. “ಆ ಹುಳಾ ಕಡೀಕ ಒಂದ ಉಳದಾಗ ಬಾಳ ಜೋರ ಓಡತಿತ್ತು. ಯಾಕ ಓಡತಿತ್ತು? ಅದೊಂದು ತಿಳೀಬೇಕು ನನಗ.” ಈಗ ಎದ್ದಿತು.

ನಾನು ಮನೆಗೆ ಬಂದು ಹುಡುಕಿದೆ. ಆ ವಿಡಿಯೊ ಗೇಮ್ ಡಬ್ಬಿಗಳ ಹಳೆಯ ಆಟಗಳನ್ನು ಈಗ ಕಂಪ್ಯೂಟರಿನಲ್ಲಿ ಆಡಲು ಮಾರುತ್ತಾರೆಂದು ಗೊತ್ತಾಯಿತು. ಇಂಟರ್‌ನೆಟ್ಟಿನ ಒಂದು ಅಂಗಡಿಯಲ್ಲಿ ಖಾತೆ ತೆರೆದು ಆಟ ಕೊಂಡೆ. ಓಟಿಪಿ ಬಂದಾಗ ಫೋನಿಗೆ ಅಂಗೈ ಮರೆ ಮಾಡಿ ಓದಿದೆ. ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

ಮುಂದಿನ ಭಾನುವಾರ ಅಕ್ಕೋರ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟೆ. ಬಾಣದ ಗುರುತಿನ ಗುಂಡಿಗಳನ್ನು ತೋರಿಸಿ, ಇವುಗಳಿಂದ ಹಡಗು ಓಡಿಸಿರೆಂದೆ. ಅವರು ಆ ಗುಂಡಿಗಳನ್ನು ಅನ್ಯಜಾತಿಯವು ಎಂಬಂತೆ ನೋಡಿದರು. ಬೆರಳು ಮನೆ ಬಿಟ್ಟು ಹೋಗಬಾರದು. ಕೊನೆಗೆ ಎ ಒತ್ತಿದರೆ ಹಡಗು ಎಡಕ್ಕೆ, ಎಫ್ ಒತ್ತಿದರೆ ಬಲಕ್ಕೆ, ಬಲಗೈಯ ಜೆ ಒತ್ತಿದರೆ ಗುಂಡು ಎಂದು ಬದಲಿಸಿಕೊಂಡೆವು. ಅರಿವಿ ಹೊಚ್ಚಿದರು. ಕೂತರು. ಯಾರಾದರೂ ಹಾಗೆ ಬೆನ್ನು ನೆಟ್ಟಗಿಟ್ಟು ಕೂತು ಆಟವಾಡುವುದನ್ನು ಪ್ರಪಂಚದಲ್ಲಿ ಇನ್ನಾರೂ ನೋಡಿರಲಾರರು. ಹಡಗು ಗುಂಡು ಹಾರಿಸುತ್ತ ಬಲಕ್ಕೆ, ಇನ್ನೂ ಬಲಕ್ಕೆ, ಪರದೆಯ ಅಂಚಿನವರೆಗೆ ಹೋಯಿತು.

ಎಡಗೈ ಎದ್ದಿತು, ನೂಕಿತು. ಚಹದ ಕಪ್ಪು, ಬಸಿ ಎರಡೂ ಹಾರಿ ನನ್ನ ಅಂಗಿಯ ಮೇಲೆ ಬಂದು ಕೆಳಗೆ ಬಿದ್ದವು. ಹಡಗು ಸುಟ್ಟುಹೋಯಿತು.

“ಇದೇನ ಹುಚ್ಚ!” ಎಂದು ಮಾವಶಿ ಒಳಗಿನಿಂದ ಬಂದರು. “ಅರವತ್ತೆಂಟ ವರ್ಷದಾಕಿ ಹುಳಾ ಹೊಡಕೋತ ಕುಂತಾಳ, ಇದ್ದೆರಡ ಕಪ್ಪಿನ್ಯಾಗ ಒಂದ ಒಡದ್ಲು! ಹೇ ಕಾಯ್ ಖೂಳ!”

“ಸಾಲ ಮುಗದಿತ್ತಲೇ,” ಅಂದರು ಅಕ್ಕೋರು. ಅವರಿಗೆ ತಮ್ಮ ತಪ್ಪೆಂದು ಅನಿಸಲೇ ಇಲ್ಲ. ಅಂದಿನಿಂದ ಮಾವಶಿ ಸ್ಟೀಲಿನ ಲೋಟದಲ್ಲಿ ಚಹ ಕೊಡತೊಡಗಿದರು.

ಕೊನೆಯ ಹುಳ ಯಾಕೆ ಓಡುತ್ತದೆ ಎಂಬುದನ್ನು ನಾನು ಒಂದು ವಾರ ಓದಿ ತಿಳಿದುಕೊಂಡೆ. ಹಳೆಯ ಡಬ್ಬಿಯ ಯಂತ್ರಕ್ಕೆ ಅಷ್ಟೂ ಹುಳಗಳನ್ನು ಒಂದಾದ ಮೇಲೊಂದರಂತೆ ಸರಿಸಿ ಪರದೆಯ ಮೇಲೆ ಬಿಡಿಸುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಹುಳಗಳು ಸತ್ತಂತೆ ಅದರ ಹೊರೆ ಇಳಿದು, ಉಳಿದವು ತಾವಾಗಿ ಬೇಗ ಓಡುತ್ತಿದ್ದವು. ಮಾಡಿದವನು ಮೊದಲು ಹಾಗೆಂದು ಯೋಚಿಸಿರಲಿಲ್ಲವಂತೆ. ಆದದ್ದು ಚೆಂದ ಕಂಡಿತೆಂದು ಹಾಗೇ ಬಿಟ್ಟನಂತೆ.

ಅಕ್ಕೋರು ಕೈಚಪ್ಪಾಳೆ ತಟ್ಟಿದರು. “ನಮ್ಮ ಕ್ಲಾಸಿನಂಗ! ಜೂನದಾಗ ನಲವತ್ತ ಮಂದಿ, ಯಾರೂ ಮುಂದ ಸರಿಯಾಂಗಿಲ್ಲ. ದೀಪಾವಳಿಗೆ ಐದ ಮಂದಿ, ಓಡೂದ ಓಡೂದು!”

ಒಂದೇ ತೊಂದರೆ ಇತ್ತು. ಆ ಆಟ ಪ್ರತಿ ಸಲ ತೆರೆಯುವಾಗಲೂ ಇಂಟರ್‌ನೆಟ್ ಮೂಲಕ ತನ್ನ ಅಂಗಡಿಯನ್ನು ಕೇಳಿ, ಇವನು ಕೊಂಡವನು ಹೌದೇ ಎಂದು ಖಾತ್ರಿ ಮಾಡಿಕೊಂಡೇ ಬಾಗಿಲು ತೆಗೆಯುತ್ತಿತ್ತು. ಅಕ್ಕೋರ ಮನೆಯಲ್ಲಿ ಇಂಟರ್‌ನೆಟ್ ಇಲ್ಲ. ನನ್ನ ಫೋನಿನಿಂದ ಕೊಡಬೇಕು. ಹಾಗಾಗಿ ಆಟ ಭಾನುವಾರ ಮಾತ್ರ.

“ನೀ ಇದನ್ನ ಕೊಂಡಿಲ್ಲೇನ?”

“ಕೊಂಡೀನ್ರಿ.”

“ಮತ್ತ ಪ್ರತಿ ಸಲ ಯಾಕ ಕೇಳತೈತಿ?”

“ಯಾರರ ಕದ್ದ ಆಡಬಾರದಂತ್ರಿ.”

“ನನಗ ಯಂತ್ರ ಮಾರಿದಾಂವ ದಿನಾ ಮುಂಜಾನೆ ಬಂದು ‘ಬಾಯಾರ, ಇದು ನಿಮ್ಮದ ಹೌದೇನ’ ಅಂತ ಕೇಳತಿದ್ದನೇನು?”

ನನಗೆ ನಿಜವಾಗಿ ಆ ಏರ್ಪಾಡಿನಲ್ಲಿ ತಪ್ಪು ಕಂಡಿರಲಿಲ್ಲ. ಕಚೇರಿಯ ಕಪಾಟಿನ ಕೀಲಿ ಹಾಕಿ, ಮೂರು ಸಲ ಎಳೆದು ನೋಡಿ, ಬಸ್ ನಿಲ್ದಾಣದಿಂದ ತಿರುಗಿ ಹೋಗಿ ನಾಲ್ಕನೆಯ ಸಲ ಎಳೆದು ನೋಡುವ ಮನುಷ್ಯ ನಾನು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕೋರಿಗೆ ಲಕ್ವಾ ಹೊಡೆಯಿತು. ಎಡಭಾಗ. ಮಿರಜಿನಲ್ಲೇ ಆಸ್ಪತ್ರೆಗೆ ಸೇರಿಸಿದರು. ಮನೆಗೆ ಕರೆತಂದಾಗ ಕಾಲು ಎಳೆಯುತ್ತಿದ್ದರು, ಮಾತು ಸ್ವಲ್ಪ ದಪ್ಪಗಾಗಿತ್ತು, ಎಡಗೈ ಮಾತ್ರ ಯಾರೋ ತಂದು ಮಡಿಲಲ್ಲಿಟ್ಟು ಮರೆತು ಹೋದ ಸಾಮಾನಿನಂತೆ ಬಿದ್ದಿತ್ತು. ಡಾಕ್ಟರು ಹಿಚುಕಲು ಒಂದು ರಬ್ಬರಿನ ಚೆಂಡು ಕೊಟ್ಟು, ಮೊದಲಿನ ಕೆಲವು ತಿಂಗಳಲ್ಲಿ ಎಷ್ಟು ಬೆರಳಾಡಿಸುತ್ತೀರೋ ಅಷ್ಟೇ ವಾಪಸು ಬರುತ್ತದೆ, ತಡವಾದರೆ ಕಷ್ಟ ಎಂದಿದ್ದರು.

ನಾನು ಅವರೆದುರು ಕೂತೆ. ಅವರು ಏನೋ ಹೇಳಿದರು. ಕೈ ಏಳಲಿಲ್ಲ. ನಾನು ಕಾದೆ. ಅವರೂ ನನ್ನ ಮುಖ ನೋಡುತ್ತ ಕೂತರು. ಬಹಳ ಹೊತ್ತಾಯಿತು.

“ಮುಗೀತಲೇ!” ಎಂದು ಗದರಿದರು. “ಮಾತಾಡು!”

ಆಮೇಲೆ ಮುಖ ತಿರುಗಿಸಿಕೊಂಡರು. ನಾನು ಯಾಕೆ ಕಾದೆ ಎಂಬುದು ಅವರಿಗೆ ಹೊಳೆದಿತ್ತು. ಗೋಡೆಯ ಕಡೆ ನೋಡುತ್ತಲೇ ಅಂದರು: “ಕಾಲ ಕುಂಟಿದ್ರ ಕುಂಟಲಿ ತಮ್ಮಾ. ಈ ಕೈ ಹೋದ್ರ ನಾ ಏನಂತ ಇರ್ಲಿ?”

ಚೆಂಡನ್ನು ಅವರು ಆಗಲೇ ಮಂಚದ ಕೆಳಗೆ ಒಗೆದಿದ್ದರು. ಚೆಂಡು ಹಿಚುಕಿದರೆ ಏನೂ ಆಗುವುದಿಲ್ಲ, ಎಷ್ಟು ಹಿಚುಕಿದರೂ ಅದು ಹಾಗೇ ಇರುತ್ತದೆ, ಅದು ಪಾಠವಲ್ಲ ಎಂಬುದು ಅವರ ವಾದ. “ಆ ಆಟ ಹಚ್ಚು. ಎಡಗೈ ಎ, ಎಸ್, ಡಿ, ಎಫ್. ನಾ ಇದಕ್ಕ ಮೊದಲಿಂದ ಕಲಸ್ತೀನಿ.”

ನಾನು ಆಟ ಹಚ್ಚಲು ಹೋದೆ. ಅದು ನನ್ನ ಪಾಸ್‌ವರ್ಡ್ ಕೇಳಿತು. ಇಲ್ಲಿ ನನ್ನ ಬುದ್ಧಿವಂತಿಕೆಯನ್ನು ಸ್ವಲ್ಪ ವಿವರಿಸಬೇಕು. ಹಿಂದಿನ ತಿಂಗಳು ಪೇಪರಿನಲ್ಲಿ ಯಾರದೋ ಖಾತೆಗೆ ಕನ್ನ ಬಿದ್ದ ಸುದ್ದಿ ಓದಿ, ಹೆದರಿ, ಪಾಸ್‌ವರ್ಡ್ ಬದಲಿಸಿದ್ದೆ. ಡೈರಿಯಲ್ಲಿ ಬರೆದಿಟ್ಟರೆ ಕಳ್ಳ ಓದುತ್ತಾನೆಂದು, ಪ್ರತಿ ಅಕ್ಷರವನ್ನೂ ಗುಂಡಿಯ ಮೇಲೆ ಒಂದು ಮನೆ ಸರಿಸಿ ಬರೆದಿದ್ದೆ. ಈಗ ಎಡಕ್ಕೆ ಸರಿಸಿದ್ದೆನೋ ಬಲಕ್ಕೋ ನೆನಪಿಲ್ಲ. ಎಡಕ್ಕೆ ನೋಡಿದೆ. ಬಲಕ್ಕೆ ನೋಡಿದೆ. ಇನ್ನೊಮ್ಮೆ ಬಲಕ್ಕೆ ನೋಡಿದೆ. ಬರೆಯುವಾಗಲೇ ಎಲ್ಲೋ ಒಂದು ಮನೆ ತಪ್ಪಿದ್ದೆನೇನೋ, ಖಾತೆ ಮುಚ್ಚಿಕೊಂಡಿತು. ಬಿಡಿಸಿಕೊಳ್ಳಲು ಹಳೆಯ ಫೋನ್ ನಂಬರ್ ಬೇಕಂತೆ. ಅದನ್ನೂ ಅದೇ ಹೆದರಿಕೆಯಲ್ಲಿ ಬದಲಿಸಿದ್ದೆ. ಕಳ್ಳನಿಗೆಂದು ಹಾಕಿದ ಕೀಲಿಗಳಲ್ಲಿ ನಾನೊಬ್ಬನೇ ಅಚ್ಚುಕಟ್ಟಾಗಿ ಸಿಕ್ಕಿಬಿದ್ದಿದ್ದೆ.

ಅಂಗಡಿಯವರಿಗೆ ಅರ್ಜಿ ಬರೆದೆ. ಗುಮಾಸ್ತನ ಅರ್ಜಿ, ವಿಷಯ, ಉಲ್ಲೇಖ ಸಮೇತ. ನಿಮ್ಮ ಮನವಿ ತಲುಪಿದೆ ಎಂಬ ಉತ್ತರ ಬಂತು. ಅದಾದ ಮೇಲೆ ಏನೂ ಬರಲಿಲ್ಲ. ಹತ್ತು ದಿನ ಹೋದವು. ನಾನು ದಿನ ಬಿಟ್ಟು ದಿನ ಹಾರೂಗೇರಿಗೆ ಹೋಗುತ್ತಿದ್ದೆ, ಕೈ ಹಾಗೇ ಬಿದ್ದಿರುತ್ತಿತ್ತು. ಆ ದಿನಗಳು ಅವರ ಬೆರಳಿನಿಂದ ಹೋಗುತ್ತಿವೆ ಎಂಬುದು ಗೊತ್ತಿದ್ದೂ ನಾನು ಉತ್ತರಕ್ಕೆ ಕಾಯುತ್ತ ಕೂತಿದ್ದೆ.

ಮಾವಶಿಯೇ ಬೈದು ಎಬ್ಬಿಸಿದರು. “ಒಂದ ಅಂಗಡಿ ಮುಚ್ಚಿದ್ರ ಊರಾಗ ಬ್ಯಾರೆ ಅಂಗಡಿ ಇರಾಂಗಿಲ್ಲೇನ? ಇಷ್ಟ ಓದಿ ಕಾಯ್ ಉಪಯೋಗ್?”

ಬೇರೆ ಅಂಗಡಿ ಇತ್ತು. ಅದು ಹಳೆಯ ಆಟಗಳನ್ನು ಯಾವ ಕೀಲಿಯೂ ಇಲ್ಲದೆ ಮಾರುತ್ತಿತ್ತು. ಒಮ್ಮೆ ದುಡ್ಡು ಕೊಟ್ಟರೆ ಕಡತ ನಮ್ಮ ಕೈಗೆ. ಪೆನ್ ಡ್ರೈವಿಗೆ ಹಾಕಿಕೊಳ್ಳಿ, ಇಂಟರ್‌ನೆಟ್ ಇಲ್ಲದ ಊರಿನಲ್ಲಿ ಆಡಿ, ನಾವು ಕೇಳುವುದಿಲ್ಲ. ಓದಿದ ಕೂಡಲೇ ನನಗೆ ಅನುಮಾನ ಬಂತು. ಕೀಲಿ ಇಲ್ಲದ ಮಾಲೆಂದರೆ ಕಳವಿನ ಮಾಲು. ಅವರ ನಿಯಮಗಳನ್ನೆಲ್ಲ ಕಾಗದದ ಮೇಲೆ ತೆಗೆದು, ಕೆಂಪು ಪೆನ್ನಿನಿಂದ ಗೆರೆ ಎಳೆಯುತ್ತ ಎರಡು ದಿನ ಓದಿದೆ. ಆಟ ಮಾಡಿದವರಿಂದ ಹಕ್ಕು ಪಡೆದೇ ಮಾರುತ್ತಿದ್ದರು. ಕೊಂಡವರು ತಮಗಾಗಿ ಪ್ರತಿ ತೆಗೆದಿಟ್ಟುಕೊಳ್ಳಬಹುದು, ಹಂಚಬಾರದು ಎಂದು ವಿನಂತಿಸಿದ್ದರು. ಅಷ್ಟೇ, ವಿನಂತಿ. ಕೊಂಡೆ. ರಸೀದಿಯನ್ನೂ ನಿಯಮಗಳನ್ನೂ ಫೈಲಿಗೆ ಸೇರಿಸಿ, ದಾರ ಕಟ್ಟಿ, ನಾಲ್ಕು ಪೆನ್ ಡ್ರೈವುಗಳಿಗೆ ಆಟ ತುಂಬಿಕೊಂಡು ಹೋದೆ.

ಅಕ್ಕೋರು ಮೊದಲು ಕೇಳಿದ್ದೇ ಅದನ್ನು. “ಕಳವಿಂದೇನ? ಕಳವಿಂದಾದ್ರ ನಾ ಮುಟ್ಟಾಂಗಿಲ್ಲ.”

ಫೈಲು ತೋರಿಸಿದೆ. ಬಲಗೈಯಿಂದ ಹಾಳೆ ತಿರುವಿದರು.

“ಕೀಲಿ ಎಲ್ಲೈತಿ?”

“ಇಲ್ರಿ.”

“ನೀ ಇದನ್ನ ಊರ ಮಂದಿಗೆಲ್ಲಾ ಹಂಚಿದ್ರ?”

“ಹಂಚಬಾರದಂತ ಹೇಳ್ಯಾರ್ರಿ.”

“ಹಂಚಿದ್ರ ಯಾರ ಹಿಡೀತಾರ?”

“ಯಾರೂ ಹಿಡಿಯಾಂಗಿಲ್ರಿ.”

ಹೊಸದೊಂದು ಯಂತ್ರದ ಒಳಗನ್ನು ಕಂಡವರಂತೆ ಅಕ್ಕೋರ ಮುಖ ಅರಳಿತು.

“ಅರಿವಿ ಹೊಚ್ಚಿ ಬಿಟ್ಟಾರಲೇ,” ಅಂದರು. ಆಮೇಲೆ ನನ್ನ ಕಡೆ ನೋಡದೆ, “ನೀ ಅರಿವಿ ಎತ್ತಿ ನೋಡತಿದ್ದಿ.”

ನನ್ನ ಕಿವಿ ಬಿಸಿಯಾದವು. ಮೂವತ್ತು ವರ್ಷಗಳ ಹಳೆಯ ಇಣುಕು. “ಗೊತ್ತಿತ್ತೇನ್ರಿ?”

“ಕಿಟಕಿ ಗಾಜಿನ್ಯಾಗ ಕಾಣತಿತ್ತು.”

“ಮತ್ತ ಯಾಕ ಅನ್ನಲಿಲ್ರಿ?”

“ನೋಡಬ್ಯಾಡ ಅಂತ ಒಮ್ಮೆ ಹೇಳಿದ್ನೆಲ್ಲ. ಇನ್ನ ಅದು ನಿಂದು.” ಪೆನ್ ಡ್ರೈವುಗಳನ್ನು ಎಣಿಸಿದರು. “ನಾಕ ಯಾಕ? ಇಲ್ಲೊಂದ, ನಿನ್ನ ಕಡೆ ಒಂದ. ಉಳದವು ಅಳಸು.”

ಅವರೆದುರೇ ಎರಡನ್ನು ಅಳಿಸಿದೆ. ಅಲ್ಲಿ ಕೂತಿದ್ದಾಗ ಐದನೆಯದೊಂದು ಕಚೇರಿಯ ಮೇಜಿನ ಖಾನೆಯಲ್ಲಿರುವುದು ನೆನಪಾಯಿತು. ಮರುದಿನ ಅದನ್ನೂ ಅಳಿಸಿದೆ. ಅಳಿಸಿದ ಮೇಲೆ, ಅಳಿಸಬಾರದಿತ್ತೇನೋ ಎಂದು ಒಂದು ವಾರ ಚಿಂತಿಸಿದೆ.

ಆಟ ಯಾರನ್ನೂ ಕೇಳದೆ ತೆರೆದುಕೊಂಡಿತು. ಅಕ್ಕೋರು ಬಲಗೈಯಿಂದ ಎಡಗೈ ಎತ್ತಿ ತಂದು ಮನೆಗಳ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಕೂರಿಸಿದರು. ಹೊಸ ವಿದ್ಯಾರ್ಥಿಯನ್ನು ಕೂರಿಸುತ್ತಿದ್ದ ಹಾಗೆಯೇ. ಅರಿವಿ ಹೊಚ್ಚಿದರು.

“ಈಗ್ಯಾಕ್ರಿ ಅರಿವಿ? ನೋಡಕೋತ ಒತ್ತರಿ.”

“ನೋಡಿದ್ರ ಕಣ್ಣ ಕಲೀತಾವ. ಕಲೀಬೇಕಾದ್ದು ಬೆರಳು.”

ಒಂದು ತಿಂಗಳು ಹಡಗು ನಿಂತಲ್ಲೇ ನಿಂತು ಸುಟ್ಟುಹೋಯಿತು. ಅಕ್ಕೋರು ತಮ್ಮ ಕೈಗೇ ಪಾಠದ ವೇಳಾಪಟ್ಟಿ ಹಾಕಿದ್ದರು. ಮುಂಜಾನೆ ತೋರುಬೆರಳು, ಮಧ್ಯಾಹ್ನ ಕಿರುಬೆರಳು. “ಕಿರುಬೆರಳ ದಡ್ಡ ಐತಿ,” ಎಂದು ನನಗೆ ವರದಿ ಕೊಡುತ್ತಿದ್ದರು. “ಹಿಂದಿನ ಬೆಂಚಿನ್ಯಾಗ ಕೂತ ನಿದ್ದಿ ಮಾಡತೈತಿ. ನಿನ್ನಂಗ.” ಎರಡನೆಯ ತಿಂಗಳು ಹಡಗು ಬಲಕ್ಕೆ ಎರಡು ಬೆರಳಿನಷ್ಟು ಸರಿದು ನಿಂತಿತು. ಆಟ ಮುಗಿದಾಗ ಅಂಕಪಟ್ಟಿಯಲ್ಲಿ ಮೂರಕ್ಷರದ ಹೆಸರು ಹಾಕಿರೆಂದು ಕೇಳುತ್ತದೆ. ಅವರು ಎ, ಎಸ್, ಡಿ ಎಂದು ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಒತ್ತುತ್ತಿದ್ದರು. ನಿಮ್ಮ ಹೆಸರು ಹಾಕಿರೆಂದೆ.

“ಹೆಸರ ಯಾಕ? ಬೆರಳ ಕುಂತಲ್ಲಿ ಏನ ಬರತೈತಿ ಅದ ಬರಲಿ.”

ಕಬ್ಬಿನ ಹಂಗಾಮು ಜೋರಾಗಿದ್ದ ಒಂದು ಭಾನುವಾರ ಮಧ್ಯಾಹ್ನ ನಾನು ಪಕ್ಕದಲ್ಲಿ ಒಣದ್ರಾಕ್ಷಿ ತಿನ್ನುತ್ತ ಕೂತಿದ್ದೆ. ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಬಂತು. ಅಕ್ಕೋರು ಆ ತಾಳಕ್ಕೆ ಗುಂಡು ಹಾರಿಸತೊಡಗಿದರು. ಹುಳಗಳು ಉದುರಿದವು. ಇಪ್ಪತ್ತು, ಹತ್ತು, ಮೂರು. ಕೊನೆಗೆ ಒಂದೇ ಒಂದು ಉಳಿದು ಹುಚ್ಚುಹಿಡಿದಂತೆ ಓಡತೊಡಗಿತು. ಹಡಗು ಅದರ ಬೆನ್ನಿಗೆ ಬಲಕ್ಕೆ ಹೋಯಿತು. ಅರಿವಿಯ ಕೆಳಗೆ ತೋರುಬೆರಳು ಎಫ್ ಮೇಲೆ ಬಿಗಿಯಾಗಿ ಕೂತಿರಬೇಕು, ಹಡಗು ನಿಲ್ಲಲೇ ಇಲ್ಲ. ಪರದೆಯ ಅಂಚು ಮುಟ್ಟಿತು.

ಎಡಗೈ ಅರಿವಿಯಿಂದ ಹೊರಗೆ ಬಂತು. ಎದ್ದಿತು. ಹೆಚ್ಚೇನಿಲ್ಲ, ಮೇಜಿನಿಂದ ನಾಲ್ಕು ಬೆರಳೆತ್ತರ. ನಡುಗುತ್ತ ಬಲಕ್ಕೆ ನೂಕಿತು. ಸ್ಟೀಲಿನ ಲೋಟ ಉರುಳಿ ಚಹವೆಲ್ಲ ನನ್ನ ತೊಡೆಯ ಮೇಲೆ ಬಂತು.

“ಅಗಾ ಬಾಯಿ!” ಎಂದು ಒಳಗಿನಿಂದ ಓಡಿಬಂದ ಮಾವಶಿ, ಲೋಟ ನೋಡಿ, ಅಕ್ಕನ ಕೈ ನೋಡಿ, ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು.

ಹಡಗು ಸುಟ್ಟುಹೋಗಿತ್ತು. ಅಕ್ಕೋರು ಪರದೆ ನೋಡಲಿಲ್ಲ. ಮೇಜಿನ ಮೇಲೆ ಅಂಗಾತ ಬಿದ್ದ ತಮ್ಮ ಕೈಯನ್ನೇ ನೋಡಿದರು.

“ತಮ್ಮಾ,” ಅಂದರು. “ಸಾಲ ಮುಗೀತು.”

ತೊಡೆ ಸುಡುತ್ತಿತ್ತು. ನಾನು ಏಳಲಿಲ್ಲ.

ಅದಾದ ಮೇಲೆ ಒಂದೂವರೆ ವರ್ಷ ಇದ್ದರು. ಕೈ ಪೂರ್ತಿ ಮರಳಲಿಲ್ಲ. ಎದೆಯ ಮಟ್ಟದವರೆಗೆ ಏಳುತ್ತಿತ್ತು, ಅವರ ಮಾತಿಗೆ ಅಷ್ಟು ಸಾಕಾಗುತ್ತಿತ್ತು. ಒಂದು ಮುಂಜಾನೆ ಚಹ ಕುಡಿದು ಲೋಟ ಕೆಳಗಿಟ್ಟು ಗೋಡೆಗೆ ಒರಗಿದವರು ಹಾಗೇ ಹೋದರು. ನಾನು ತಲುಪುವಷ್ಟರಲ್ಲಿ ಓಣಿ ತುಂಬ ಅವರ ಕೈಯಲ್ಲಿ ಕಲಿತ ಗುಮಾಸ್ತರು, ನರೆತ ತಲೆಗಳು. ಕೊನೆಗೆ ಏನಾದರೂ ಹೇಳಿದರೇ ಎಂದು ಮಾವಶಿಯನ್ನು ಕೇಳಿದೆ.

“ಸಕ್ಕರಿ ಜಾಸ್ತಿ ಆತು ಅಂದ್ಲು,” ಎಂದು ಮಾವಶಿ ಅತ್ತರು. “ಅಂದು, ಕೈ ಎತ್ತಿದ್ಲು.”

ಅಂದರೆ ಮಾತು ಮುಗಿದಿತ್ತು. ನನ್ನಂಥ ಚಿಂತೆಯ ಮನುಷ್ಯನಿಗೆ ಇದು ಸಣ್ಣ ಸಮಾಧಾನವಲ್ಲ.

ಮಾವಶಿ ಆ ಕಂಪ್ಯೂಟರನ್ನೂ ಅರಿವಿಯನ್ನೂ ನನಗೆ ಕೊಟ್ಟುಬಿಟ್ಟರು. ಮನೆಯಲ್ಲಿ ತಂದಿಟ್ಟಾಗ ನನ್ನ ಹೆಂಡತಿ, “ಇದಕ್ಕೂ ಸೆರಗ ಹೊಚ್ಚೀರೇನ್ರಿ?” ಎಂದು ನಕ್ಕಳು. ಭಾನುವಾರ ಮಧ್ಯಾಹ್ನ, ಹಾರೂಗೇರಿಗೆ ಹೋಗುತ್ತಿದ್ದ ಹೊತ್ತಿಗೆ, ಈಗ ಅದರ ಮುಂದೆ ಕೂರುತ್ತೇನೆ. ಆಟ ನನ್ನನ್ನು ಏನೂ ಕೇಳದೆ ತೆರೆದುಕೊಳ್ಳುತ್ತದೆ. ಅಂಕಪಟ್ಟಿಯಲ್ಲಿ ಹತ್ತು ಸಾಲು, ಹತ್ತರಲ್ಲೂ ಎ ಎಸ್ ಡಿ. ಕೋಣೆಯಲ್ಲಿ ಯಾರೂ ಇರುವುದಿಲ್ಲ, ಕಿಟಕಿಗೆ ಗಾಜೂ ಇಲ್ಲ. ಅರಿವಿ ಎತ್ತಿದರೆ ಯಾರೂ ಹಿಡಿಯುವುದಿಲ್ಲ. ಎತ್ತಿಲ್ಲ. ಹಾಗಾಗಿ ಬಹಳ ಕೆಟ್ಟದಾಗಿ ಆಡುತ್ತೇನೆ. ಎರಡು ತಿಂಗಳು ಪಟ್ಟಿಯ ಕಟ್ಟಕಡೆಯ ಸಾಲನ್ನೂ ಮುಟ್ಟಲಾಗಲಿಲ್ಲ.

ಹೋದ ಭಾನುವಾರ ಮುಟ್ಟಿದೆ. ಅವರ ಹತ್ತನೆಯ ಅಂಕವನ್ನು ದಾಟಿದ್ದು ಕಂಡ ಕೂಡಲೇ ನನ್ನ ಎಡಗೈ, ನಾನು ಹೇಳದೆಯೇ, ಎದ್ದು ಗಾಳಿಯನ್ನು ಬಲಕ್ಕೆ ನೂಕಿ ಮತ್ತೆ ಅರಿವಿಯೊಳಗೆ ಇಳಿಯಿತು. ಪಟ್ಟಿ ಮೂರಕ್ಷರ ಕೇಳಿತು. ನನ್ನ ಹೆಸರಿನ ಅಕ್ಷರ ಹಾಕುವ ಧೈರ್ಯವಾಗಲಿಲ್ಲ; ಅವರ ಪಾಠವನ್ನೇ, ನೋಡದೆ, ಕಿರುಬೆರಳಿನಿಂದ ಶುರುಮಾಡಿ ಒತ್ತಿದೆ. ಅಷ್ಟು ವರ್ಷಗಳ ಬೆರಳುಗಳಿಂದ ಸವೆದು, ಬೆರಳಿಗೆ ಮನೆ ತೋರಿಸುವ ಆ ಎಫ್ ಮೇಲಿನ ಸಣ್ಣ ಗುಬುಟು ಎಂದೋ ಹೋಗಿದೆ.

ತಲೆ ಎತ್ತಿ ನೋಡಿದೆ. ಮೇಲೆ ಒಂಬತ್ತು ಸಾಲು ಎ ಎಸ್ ಡಿ. ಕೊನೆಯ ಸಾಲಿನಲ್ಲಿ, ಎಸ್ ಡಿ ಎಫ್.

ಬೆರಳೆಲ್ಲ ಸರಿ ಅದಾವ ತಮ್ಮಾ. ಕೈ ಒಂದ ಮನಿ ಆಚೆ ಕುಂತೈತಿ.